ಎಣಿಸದೆ ಬಿಟ್ಟದ್ದು

ಚೀಟಿ ಇದೆಯೇ ಎಂದು ವಾರಿಜ ಕೈಚೀಲದೊಳಗೆ ಬೆರಳಾಡಿಸಿ ಮೂರನೆಯ ಸಲ ನೋಡಿಕೊಂಡಳು. ಇತ್ತು. ಪರ್ಸಿನ ಒಳಗೆ, ಬಸ್ ಪಾಸಿನ ಹಿಂದೆ, ನಾಲ್ಕಾಗಿ ಮಡಚಿಟ್ಟದ್ದು ಹಾಗೆಯೇ ಇತ್ತು. ಅದರಲ್ಲಿ ಬರೆದದ್ದು ಎರಡೇ ಸಂಖ್ಯೆ: ನೂರ ಹದಿನಾಲ್ಕು, ಇಪ್ಪತ್ತೆಂಟು. ಮೊದಲನೆಯದು ಮಗಳು ಧೃತಿಯ ಬೆವರಿನಲ್ಲಿ ಇರುವ ಉಪ್ಪು, ಎರಡನೆಯದು ತನ್ನ ಬೆವರಿನದು. ಅರವತ್ತು ದಾಟಿದರೆ ಕಾಯಿಲೆ ಎನ್ನುತ್ತದೆ ಪುಸ್ತಕ. ಹನ್ನೊಂದು ಗಂಟೆಗೆ ಡಾಕ್ಟರ ಮೇಜಿನ ಮೇಲೆ ಇದನ್ನು ಬಿಡಿಸಿ ಇಡಬೇಕು. ಇವಳಿಗೆ ಕ್ಷಯವಲ್ಲ, ಎರಡನೆಯ ಸಲ ಶುರುಮಾಡಿರುವ ಆ ಮಾತ್ರೆಗಳನ್ನು ನಿಲ್ಲಿಸಿ, ಸರಿಯಾದ ಪರೀಕ್ಷೆಗೆ ವೆಲ್ಲೂರಿಗೆ ಕಾಗದ ಬರೆದುಕೊಡಿ ಎನ್ನಬೇಕು. ಇಷ್ಟೇ ಮಾತು. ಕಾಲೇಜಿನಲ್ಲಿ ಅರವತ್ತು ಹುಡುಗಿಯರ ಮುಂದೆ ಎರಡು ಗಂಟೆ ನಿಂತು ಮಾತಾಡುವವಳಿಗೆ ಈ ಎರಡು ವಾಕ್ಯಗಳನ್ನು ರಾತ್ರಿಯಿಂದ ಬಾಯಿಪಾಠ ಮಾಡಬೇಕಾಗಿ ಬಂದದ್ದು ನೆನೆದರೇ ಸಿಟ್ಟು ಬರುತ್ತಿತ್ತು.

ಹಜಾರದ ಆಚೆ ಅಜ್ಜಿ ಕೋಲಿನಿಂದ ಮಡಿಸೀರೆಯನ್ನು ಗಳದಿಂದ ಇಳಿಸುತ್ತಿದ್ದರು. ಎಪ್ಪತ್ತೆಂಟು ವರ್ಷದ ಜಾನಕಮ್ಮ. ವಾರಿಜಳಿಗೆ ತಾಯಿಯ ತಾಯಿ, ಹನ್ನೊಂದು ವರ್ಷದಿಂದ ಅತ್ತೆ. ಏಕೆಂದರೆ ವಾರಿಜಳ ಗಂಡ ಮಧುಸೂದನ್ ಅವಳ ಅಮ್ಮನ ಕೊನೆಯ ತಮ್ಮ. ಚಾಮರಾಜಪೇಟೆಯ ಈ ಮನೆಗೆ ಅವಳು ಬೇಸಿಗೆ ರಜಕ್ಕೆ ಬರುತ್ತಿದ್ದವಳು, ಒಂದು ಬೇಸಿಗೆಯಲ್ಲಿ ಬಂದವಳು ಹಿಂತಿರುಗಲಿಲ್ಲ, ಅಷ್ಟೇ ವ್ಯತ್ಯಾಸ ಎಂದು ಮನೆಯವರು ನಗುತ್ತಾರೆ. ಇಳಿಸಿದ ಸೀರೆಯ ಅಂಚು ಎಲ್ಲಾದರೂ ಬಾಗಿಲ ಪರದೆಗೆ ತಾಗಿತೋ ಎಂದು ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ತಾಗಿದೆಯೆಂಬ ಅನುಮಾನ ಬಂದರೂ ಸಾಕು, ಒಣಗಿದ ಸೀರೆ ಮತ್ತೆ ಬಾವಿಕಟ್ಟೆಗೆ ಹೋಗುತ್ತದೆ. ಸೀರೆ ಹರಿದಿಲ್ಲ, ಕೊಳೆಯಾಗಿಲ್ಲ, ಉಡಬಹುದು. ಆದರೂ ಉಡುವಂತಿಲ್ಲ. ವಾರಿಜ ಅದನ್ನು ನೋಡಲಾರದೆ ತಿರುಗಿದಳು.

ಹೋದ ವರ್ಷ ಡಿಸೆಂಬರಿನಲ್ಲಿ, ಕಾಲೇಜು ಅಧ್ಯಾಪಕರಿಗೆಂದು ಮಲ್ಲೇಶ್ವರದ ಕಡೆ ಎರಡು ವಾರದ ತರಬೇತಿ ಇತ್ತು. ಮಧ್ಯಾಹ್ನದ ಊಟದ ತೂಕಡಿಕೆಯ ಹೊತ್ತಿನಲ್ಲಿ ತೆಳ್ಳಗಿನ ಯುವಕನೊಬ್ಬ ಬಂದು ಜೀವಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನುಗಳ ಬಗ್ಗೆ ಮಾತಾಡಿದ್ದ. ಪ್ರತಿ ಪ್ರೋಟೀನೂ ಮೊದಲು ಒಂದು ದಾರ. ದಾರವಾಗಿದ್ದರೆ ಅದರಿಂದ ಏನೂ ಆಗದು. ಮಡಚಿಕೊಳ್ಳಬೇಕು, ಅದರದೇ ಒಂದು ಆಕಾರಕ್ಕೆ, ಬೇರೆ ಯಾವುದಕ್ಕೂ ಅಲ್ಲ. ನೀರಿನಲ್ಲಿರುವ ಪ್ರೋಟೀನಿಗೆ ಅದು ಸುಲಭ, ಪೊರೆಯದಕ್ಕೆ ಕಷ್ಟ. ಒಂದು ಭಾಗ ಎಣ್ಣೆಯಂಥ ಪೊರೆಯೊಳಗೆ ಹೊಲಿದಂತೆ ಹೋಗಿ ಬರಬೇಕು, ಇನ್ನೊಂದು ಭಾಗ ನೀರಿನಲ್ಲಿರಬೇಕು. ಕೋಶದೊಳಗೇ ಇದನ್ನು ನೋಡಿಕೊಳ್ಳಲು ಕಾವಲು ಇದೆ. ಸರಿಯಾಗಿ ಮಡಚಿಕೊಳ್ಳದ್ದನ್ನು ಗುರುತುಹಾಕಿ, ಎಳೆದೊಯ್ದು, ಚೂರುಚೂರು ಮಾಡುತ್ತದೆ. ಎಲ್ಲವೂ ಸರಿಯಿದ್ದವರಲ್ಲೂ ಕೆಲವು ಪ್ರೋಟೀನುಗಳು ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ ಹಾಳಾಗುತ್ತವೆ, ಆರೋಗ್ಯವೆಂದರೆ ಉಳಿದದ್ದು ಸಾಕಾಗುವುದು ಎಂದ. ಆಮೇಲೆ ಒಂದು ಉದಾಹರಣೆ ಕೊಟ್ಟ. ಉಪ್ಪಿನ ಒಂದಂಶವಾದ ಕ್ಲೋರೈಡು ಕೋಶದ ಒಳಕ್ಕೆ ಹೊರಕ್ಕೆ ದಾಟುವ ಬಾಗಿಲು. ಸಾವಿರದ ನಾನೂರ ಎಂಬತ್ತು ಮಣಿಗಳ ದಾರ. ಅದರಲ್ಲಿ ಐನೂರ ಎಂಟನೆಯ ಮಣಿ ಒಂದು ಇಲ್ಲದಿದ್ದರೆ, ಒಂದೇ ಒಂದು, ಬಾಗಿಲು ಹೆಚ್ಚುಕಡಿಮೆ ಬಾಗಿಲೇ ಆಗಿರುತ್ತದೆ, ಪೊರೆಗೆ ತಲುಪಿಸಿದರೆ ತಕ್ಕಮಟ್ಟಿಗೆ ತೆರೆದುಕೊಳ್ಳಲೂಬಲ್ಲದು. ಆದರೆ ಕಾವಲು ಬಿಡುವುದಿಲ್ಲ. ಮಡಿಕೆ ಸರಿಯಿಲ್ಲ ಎಂದು ಎಲ್ಲವನ್ನೂ ಒಳಗೇ ಕತ್ತರಿಸಿಹಾಕುತ್ತದೆ. ಆಗ ಶ್ವಾಸಕೋಶದ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ, ಜೀರ್ಣರಸ ಹೊಟ್ಟೆಗೆ ಇಳಿಯುವುದಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ. ಬೆವರಿನ ಉಪ್ಪು ಮೈಯೊಳಗೆ ಮರಳುವುದಿಲ್ಲ. ಹಿಂದಿನ ಕಾಲದ ಯುರೋಪಿನ ಸೂಲಗಿತ್ತಿಯರು ಮಗುವಿನ ಹಣೆ ನೆಕ್ಕಿ ಹೇಳುತ್ತಿದ್ದರಂತೆ, ಉಪ್ಪಿದ್ದರೆ ಈ ಮಗು ಉಳಿಯುವುದಿಲ್ಲವೆಂದು. ಪಕ್ಕದಲ್ಲಿದ್ದ ಮೇಡಂ ಕೊಬ್ಬರಿ ಬಿಸ್ಕತ್ತು ಮುರಿದು ಅರ್ಧ ಅವಳತ್ತ ನೀಡಿದ್ದರು. ವಾರಿಜ ಅದನ್ನು ಕೈಯಲ್ಲಿ ಹಿಡಿದವಳು, ಸಂಜೆ ಬಸ್ಸಿಳಿಯುವವರೆಗೂ ಹಿಡಿದೇ ಇದ್ದಳು.

"ಧೃತೀ, ಶೂಸ್ ಹಾಕ್ಕೋ," ಅಂದಳು ಈಗ. ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಹುಡುಗಿಗೆ ಆರು ವರ್ಷ, ನೋಡಿದವರು ನಾಲ್ಕು ಎನ್ನುತ್ತಾರೆ. ಮೂಳೆ ಮೂಳೆಯಾದ ಕೈಕಾಲು, ಮುಂದಕ್ಕೆ ಬಂದ ಹೊಟ್ಟೆ. ಕೆಮ್ಮು ಶುರುವಾದರೆ ಇಡೀ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ನಿನ್ನೆ ಬಿಚ್ಚಿಹಾಕಿದ್ದ ನೀಲಿ ಯೂನಿಫಾರಂ ಕುರ್ಚಿಯ ಮೇಲಿತ್ತು, ಕಂಕುಳಲ್ಲಿ, ಕತ್ತಿನ ಸುತ್ತ, ಬೆನ್ನಿನುದ್ದಕ್ಕೂ ಬೆವರು ಒಣಗಿ ಬಿಳಿಯ ಗೆರೆ ಮೂಡಿತ್ತು, ಸುಣ್ಣ ಬಳಿದಂತೆ. ಮಾರ್ಚ್ ಇನ್ನೂ ಮುಗಿದಿಲ್ಲ, ಆಗಲೇ ಇಷ್ಟು. ಶಾಲೆಯ ಡೈರಿಯಲ್ಲಿ ಟೀಚರು ಬರೆದಿದ್ದರು: ನಿಮ್ಮ ಮಗಳು ಶೌಚಾಲಯಕ್ಕೆ ಹೋಗಿಬಂದ ಮೇಲೆ ಬೇರೆ ಮಕ್ಕಳಿಗೆ ವಾಸನೆ ತಡೆಯಲು ಆಗುತ್ತಿಲ್ಲ, ದಯವಿಟ್ಟು ಶುಚಿತ್ವದ ಕಡೆ ಗಮನ ಕೊಡಿ. ದಯವಿಟ್ಟು ಎಂಬುದರ ಕೆಳಗೆ ಕೆಂಪು ಗೆರೆ. ವಾರಿಜ ಆ ಪುಟಕ್ಕೆ ಸಹಿ ಹಾಕಿದ್ದಳು. ಕ್ಷಮಿಸಿ ಎಂದು ಬೇರೆ ಬರೆದಿದ್ದಳು.

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. "ಬಿಡೇ ಅದನ್ನ! ಲೇ ಧೃತಿ! ನೋಡು ವಾರಿಜಾ, ನಿನ್ನ ಮಗಳು ಮತ್ತೆ ಉಪ್ಪಿನ ಭರಣಿಗೆ ಕೈ ಹಾಕಿದಾಳೆ."

ಶೂಸಿನ ಒಂದು ಕಾಲನ್ನಷ್ಟೇ ಹಾಕಿಕೊಂಡು ಹುಡುಗಿ ಯಾವ ಮಾಯದಲ್ಲಿ ಒಳಗೆ ಹೋಗಿತ್ತೋ. ಅಂಗೈಯಲ್ಲಿ ಹರಳುಪ್ಪು ಹಿಡಿದು ಗೋಡೆಗೆ ಒರಗಿ ನಿಂತಿತ್ತು.

"ಸ್ವಲ್ಪ ಕೊಡಿ ಅಜ್ಜಿ, ಅವಳಿಗೆ ಬೇಕು ಅನ್ಸತ್ತೆ."

"ಕೈಯಲ್ಲಿ ಯಾರಾದ್ರೂ ಉಪ್ಪು ಕೊಡ್ತಾರೇನೆ? ಜಗಳ ಆಗತ್ತೆ. ಎಲೆ ಮೇಲೆ ಬಡಿಸಿದ್ದು ತಿನ್ನಲಿ. ಚಪ್ಪಲಿ ಕಾಲಲ್ಲಿ ಒಳಗೆ ಬೇರೆ ಬಂದಿದೆ ಪೀಡೆ." ಬೈದದ್ದು ಪ್ರೀತಿಯಿಂದಲೇ. ಆದರೆ ಅಜ್ಜಿ ಹುಡುಗಿಯ ಮುಖ ನೋಡಿ ಬೈಯಲಿಲ್ಲ, ಭರಣಿಯ ಮುಚ್ಚಳ ನೋಡಿ ಬೈದರು. ವಾರಿಜ ಅದನ್ನು ಗಮನಿಸಿದಳು. ಗಮನಿಸುವುದು ಅವಳ ಚಟ. ಯಾರ ಕಣ್ಣು ಯಾವಾಗ ಎತ್ತ ತಿರುಗಿತು ಎಂಬುದನ್ನು ಹುಡುಗಿಯಾಗಿದ್ದಾಗಿನಿಂದ ಕೂಡಿಡುತ್ತ ಬಂದಿದ್ದಾಳೆ, ಬಳಸಿದ್ದು ಮಾತ್ರ ಯಾವತ್ತೂ ಇಲ್ಲ.

ಆಟೋದಲ್ಲಿ ಮಧುಸೂದನ್ ಬಲಗಡೆ, ಅವಳು ಎಡಗಡೆ, ನಡುವೆ ಧೃತಿ. ಬ್ಯಾಂಕಿಗೆ ಅರ್ಧ ದಿನ ರಜ ಹಾಕಿದ್ದ, ಇಸ್ತ್ರಿಯ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಒಳ್ಳೆಯವನು. ಮಗಳಿಗೆ ಗಾಳಿ ಬಡಿಯದಿರಲೆಂದು ಕರವಸ್ತ್ರ ಅಡ್ಡ ಹಿಡಿದಿದ್ದ. ವಾರಿಜ ಒಂಬತ್ತು ವರ್ಷದವಳಿದ್ದಾಗ ಇದೇ ಮಧು ಮಾಮ ಲಾಲ್‌ಬಾಗಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಹೂವಿನ ಪ್ರದರ್ಶನ ತೋರಿಸಿದ್ದ. ಮದುವೆ ಮಾತು ಬಂದಾಗ ಅವಳು ಎಂ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಳು, ಜೀವರಸಾಯನ. ಯಾರಿಗೋ ಗೊತ್ತಿಲ್ಲದವರಿಗೆ ಕೊಡೋದಕ್ಕಿಂತ ನಮ್ಮ ಹುಡುಗಿ ನಮ್ಮನೇಲೇ ಇರಲಿ ಎಂದರು ಅಜ್ಜಿ. ಅಮ್ಮ ಅತ್ತಳು, ಸಂತೋಷಕ್ಕೆ. ವಾರಿಜ ಹೂಂ ಎಂದಳು. ಯಾರೂ ಬಲವಂತ ಮಾಡಲಿಲ್ಲ, ಇದನ್ನು ಮಾತ್ರ ಅವಳು ಮರೆಯಲಾರಳು. ಅದೇ ತಿಂಗಳು ಪರೀಕ್ಷೆಗೆಂದು ವಂಶಾವಳಿಯ ಚಿತ್ರಗಳನ್ನು ಬರೆದು ಬರೆದು ಅಭ್ಯಾಸ ಮಾಡುತ್ತಿದ್ದಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ನಡುವೆ ಒಂದು ಗೆರೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಎರಡು ಗೆರೆ. ಇಂಥ ಮದುವೆಯಲ್ಲಿ, ಮನೆತನದಲ್ಲಿ ಅವಿತು ಹರಿದು ಬಂದ ಒಂದೇ ದೋಷ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಕೂಡುವ ಸಾಧ್ಯತೆ ಎಷ್ಟೆಂದು ಲೆಕ್ಕ ಮಾಡಿ, ಉತ್ತರದ ಸುತ್ತ ಚೌಕಟ್ಟು ಹಾಕುತ್ತಿದ್ದಳು. ಹತ್ತಕ್ಕೆ ಹತ್ತು ಅಂಕ. ಆಮೇಲೆ ಹೋಗಿ ಸೀರೆ ಆರಿಸುತ್ತಿದ್ದಳು. ಎರಡೂ ಒಂದೇ ತಲೆಯೊಳಗೆ ಇದ್ದವು, ಒಂದು ಇನ್ನೊಂದನ್ನು ಮುಟ್ಟಲಿಲ್ಲ. ಮುಟ್ಟಿದರೆ ಮೈಲಿಗೆ ಎನ್ನುವ ಹಾಗೆ.

ಮದುವೆಯ ಮಾರನೆಯ ದಿನ ದೊಡ್ಡಮ್ಮ ಕರೆದು ಹೇಳಿದ್ದಳು: "ಇನ್ಮೇಲೆ ಮಾಮ ಗೀಮ ಅನ್ಬೇಡ. ಹೋಗಿ ಬನ್ನಿ ಅನ್ನು. ಅಜ್ಜಿಗೂ ಅಷ್ಟೆ, ಅತ್ತೆ ಅಲ್ವಾ ಈಗ." ಬಹುವಚನ ರೂಢಿಯಾಗಲು ವರ್ಷ ಹಿಡಿಯಿತು. ಅಜ್ಜಿ ಎಂಬ ಕರೆ ಹೋಗಲಿಲ್ಲ, ಉಳಿದುಕೊಂಡಿತು. ಮಾಮ ಹೋಯಿತು.

"ಆ ಚೀಟಿ ಗೀಟಿ ತೋರಿಸಬೇಡ," ಅಂದ ಮಧುಸೂದನ್, ನ್ಯಾಷನಲ್ ಕಾಲೇಜಿನ ಸರ್ಕಲ್ಲು ದಾಟುವಾಗ. "ದೊಡ್ಡ ಡಾಕ್ಟರು. ನೀನು ಅವರಿಗೆ ಪಾಠ ಹೇಳೋಕೆ ಹೋದ ಹಾಗಾಗತ್ತೆ."

"ಪಾಠ ಹೇಳಲ್ಲ. ಕೇಳ್ತೀನಿ."

"ನೀನು ಕೇಳೋದೂ ಹಾಗೇ ಇರತ್ತೆ ವಾರಿಜಾ."

ನಡುವಿನಿಂದ ಧೃತಿ ಹೇಳಿದಳು, "ಅಪ್ಪ, ನನ್ನ ಕೈ ನೆಕ್ಕಿ ನೋಡು, ಹುರಿಗಡಲೆ ಪೊಟ್ಟಣದ ತಳದ ಥರ ಇದೆ." ಮಧುಸೂದನ್ ನಕ್ಕು ಅವಳ ಕೈಯನ್ನು ಕರವಸ್ತ್ರದಿಂದ ಒರೆಸಿದ.

ಆ ಕೈ. ಮೂರು ಶನಿವಾರ ಮಧ್ಯಾಹ್ನ, ಕಾಲೇಜು ಬಿಟ್ಟ ಮೇಲೆ, ಲ್ಯಾಬಿನ ಬಾಗಿಲು ಮುಂದೆ ಮಾಡಿ ಅವಳು ಆ ಕೈಗೆ ಸೋಸುಕಾಗದ ಕಟ್ಟಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಉಣ್ಣೆ ಶಾಲು ಹೊದಿಸಿ ಕೂರಿಸಿದ್ದಳು. ಸೆಕೆ ಅಮ್ಮ ಎಂದಿತ್ತು ಹುಡುಗಿ. ಇನ್ನು ಐದು ನಿಮಿಷ ಪುಟ್ಟಾ ಎಂದು ಗಡಿಯಾರ ನೋಡಿದ್ದಳು ತಾಯಿ. ಬೆವರು ಹೀರಿದ ಕಾಗದವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಶುದ್ಧ ನೀರಿನಲ್ಲಿ ನೆನೆಸಿ, ಹಳದಿ ಕ್ರೋಮೇಟು ಬೆರೆಸಿ, ಬ್ಯುರೆಟ್ಟಿನಿಂದ ಬೆಳ್ಳಿಯ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟಳು. ಉಪ್ಪು ಇರುವವರೆಗೂ ಹಳದಿ ಹಳದಿಯೇ. ಮುಗಿದ ಕ್ಷಣ ಇಟ್ಟಿಗೆಗೆಂಪು. ಎರಡನೆಯ ಬಿ.ಎಸ್‌ಸಿ. ಹುಡುಗಿಯರು ಮಾಡುವ ಪ್ರಯೋಗ. ತನ್ನ ಬೆವರು ಬೇಗ ಕೆಂಪಾಯಿತು. ಮಗಳದು ಆಗಲಿಲ್ಲ, ಆಗಲಿಲ್ಲ, ತೊಟ್ಟಿನ ಮೇಲೆ ತೊಟ್ಟು, ಆಗು ಆಗು ಎಂದು ಅವಳು ಹಲ್ಲು ಕಚ್ಚಿ ಬೇಡಿಕೊಳ್ಳುತ್ತಿದ್ದರೆ ಹಳದಿ ಹಾಗೇ ನಗುತ್ತ ನಿಂತಿತ್ತು. ಮೂರನೆಯ ಶನಿವಾರ ಸಂಜೆ ಧೃತಿ ಸುಸ್ತಾಗಿ, ನಾಲಿಗೆ ಒಣಗಿ, ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಇಂಥ ಮಕ್ಕಳನ್ನು ಹೀಗೆ ಬೆವರಿಸಬಾರದು, ಉಪ್ಪು ಹರಿದುಹೋಗಿ ಜೀವಕ್ಕೇ ಬರುತ್ತದೆ ಎಂದು ಅವಳು ಓದಿದ್ದು ಅದರ ಮರುವಾರ, ಟಾಟಾ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ. ಓದುತ್ತ ಓದುತ್ತ ಕುರ್ಚಿಯ ಕೈ ಹಿಡಿದುಕೊಂಡಿದ್ದಳು. ಅದೇ ಹೊತ್ತಗೆಯಲ್ಲಿ ಇನ್ನೊಂದು ಮಾತಿತ್ತು. ಆ ಮಣಿ ತಪ್ಪಿದ ಬಾಗಿಲು ಮೈಯ ಬಿಸಿಯಲ್ಲಿ ಸರಿಯಾಗಿ ಮಡಚಿಕೊಳ್ಳದು, ಆದರೆ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಇಪ್ಪತ್ತೇಳು ಡಿಗ್ರಿಗೆ ಇಳಿಸಿ ಬೆಳೆಸಿದರೆ ಸ್ವಲ್ಪ ಸ್ವಲ್ಪ ಮಡಚಿಕೊಂಡು ಪೊರೆಗೆ ಬರುತ್ತದಂತೆ. ಇಪ್ಪತ್ತೇಳು ಡಿಗ್ರಿ! ಹಿತವಾದ ಹವೆ ಎಂದು ಜನ ಹೊಗಳುವ ಈ ಊರಿನ ಸಂಜೆಯ ಬಿಸಿ. ಹೊರಗೆ ಇಡೀ ಊರಿಗೆ ಹಂಚಿಹೋಗಿದ್ದು ಒಂದು ಮಗುವಿನ ಮೈಯೊಳಗೆ ಮಾತ್ರ ಇಲ್ಲ. ಅವಳಿಗೆ ಲೈಬ್ರರಿಯಲ್ಲಿ ಜೋರಾಗಿ ನಗು ಬಂದು, ಎದುರಿನವರು ತಲೆಯೆತ್ತಿದ್ದರು.

ಡಾಕ್ಟರ್ ಪಂಚಾಕ್ಷರಯ್ಯನವರ ಕ್ಲಿನಿಕ್ಕು ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ, ಹಳೆಯ ಮನೆಯ ಮುಂಭಾಗದಲ್ಲಿತ್ತು. ವಯಸ್ಸಾದ ಮನುಷ್ಯ, ಮೃದು ಕೈ, ಧೃತಿಯ ಗಲ್ಲ ಹಿಡಿದು "ಏನ್ ಮರೀ" ಎಂದರು. ಎದೆಗೆ ಕೊಳವೆಯಿಟ್ಟು ಕೇಳಿದರು. ಆಮೇಲೆ ಮಧುಸೂದನನ ಕಡೆ ತಿರುಗಿದರು. ಯಾವಾಗಲೂ ಅವನ ಕಡೆಗೇ.

"ಹೇಗಿದಾಳೆ ಸಾರ್?"

"ಪರವಾಗಿಲ್ಲ ಡಾಕ್ಟ್ರೇ. ಕೆಮ್ಮು ಸ್ವಲ್ಪ..."

"ಪರವಾಗಿಲ್ಲ ಅಲ್ಲ," ಅಂದಳು ವಾರಿಜ. "ಒಂದು ಕೆಜಿ ಕಮ್ಮಿ ಆಗಿದಾಳೆ. ಆ ಮಾತ್ರೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ಬರ್ತಿದೆ, ಅಷ್ಟೇ ಆಗಿರೋದು. ಹೋದ ಸಲ ಒಂಬತ್ತು ತಿಂಗಳು ಕೊಟ್ವಿ. ಕಫದಲ್ಲಿ ಒಂದು ಸಲಾನೂ ಕ್ಷಯದ ಕ್ರಿಮಿ ಸಿಕ್ಕಿಲ್ಲ."

"ಮೇಡಂಗೆ ಸ್ವಲ್ಪ ಗಾಬರಿ ಜಾಸ್ತಿ," ಎಂದು ಡಾಕ್ಟರು ಮಧುಸೂದನನಿಗೆ ಹೇಳಿ ನಕ್ಕರು. ಅವನೂ ನಕ್ಕ. ಆ ಎರಡು ನಗು ಮೇಜಿನ ಮೇಲೆ ಕೈಕುಲುಕಿದವು. ವಾರಿಜ ಚೀಟಿಯನ್ನು ಬಿಡಿಸಿ ಇಟ್ಟಳು. ಮಡಿಕೆ ಬಿದ್ದ ಕಾಗದ ನೆಟ್ಟಗೆ ಕೂರದೆ ಒಂದು ಮೂಲೆ ಎದ್ದೇ ನಿಂತಿತು, ಅವಳು ಅದನ್ನು ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತು. ಬಾಯಿಪಾಠದ ಎರಡು ವಾಕ್ಯಗಳನ್ನು ಹೇಳಿದಳು. ಸರಿಯಾಗಿಯೇ ಬಂದವು.

"ಕಾಲೇಜ್ ಲ್ಯಾಬಲ್ಲಿ? ನೀವೇ?" ಡಾಕ್ಟರು ಕನ್ನಡಕ ಏರಿಸಿದರು. "ಅಲ್ಲಮ್ಮಾ, ಮಗು ಬೆವರನ್ನ ಹುಡುಗೀರ ಪ್ರಾಕ್ಟಿಕಲ್ ಥರ ಮಾಡಿಬಿಟ್ಟಿದೀರಲ್ಲ!"

"ಮೂರು ಸಲ ಮಾಡಿದೀನಿ. ಮೂರು ಸಲವೂ ನೂರರ ಮೇಲೇ ಬಂದಿದೆ."

"ಇದು ಬಿಳೀ ಜನರ ಕಾಯಿಲೆ. ಮೂವತ್ತೆರಡು ವರ್ಷದ ಪ್ರಾಕ್ಟೀಸಲ್ಲಿ ನಾನು ಒಂದು ಕೇಸ್ ನೋಡಿಲ್ಲ."

"ಹುಡುಕದೇ ಇದ್ರೆ ಹೇಗೆ ಸಿಗುತ್ತೆ ಡಾಕ್ಟ್ರೇ?"

ಮಧುಸೂದನ್ ಕೆಮ್ಮಿದ. ಧೃತಿ ಮೇಜಿನ ಮೇಲಿದ್ದ ಗಾಜಿನ ಗುಂಡಿನಲ್ಲಿ ತನ್ನ ಮೂಗು ನೋಡಿಕೊಳ್ಳುತ್ತಿತ್ತು. ಡಾಕ್ಟರಿಗೆ ಕೋಪ ಬರಲಿಲ್ಲ, ಬಂದಿದ್ದರೆ ಚೆನ್ನಾಗಿರುತ್ತಿತ್ತು. ಅವರು ತಾಳ್ಮೆಯಿಂದ ಹಳದಿ ಕಾರ್ಡು ತೆಗೆದರು. ಐದು ವರ್ಷದ ಹಿಂದೆ ಧೃತಿಯನ್ನು ಮೊದಲ ಸಲ ಕರೆತಂದಾಗ ಹೊರಗಿನ ಬೆಂಚಿನ ಮೇಲೆ ಕೂತು ತುಂಬಿದ್ದ ಕಾರ್ಡು, ಮಧುಸೂದನನ ಗುಂಡಗಿನ ಅಕ್ಷರ.

"ನೋಡಿ. ನೀವು ಹೇಳೋ ಕಾಯಿಲೆ ಬರಬೇಕಾದ್ರೆ ತಾಯಿ ತಂದೆ ಇಬ್ಬರಲ್ಲೂ ಒಂದೇ ದೋಷ ಇರಬೇಕು. ನಿಮಗೇ ಗೊತ್ತಲ್ಲ. ಇಲ್ಲಿ ಏನಿದೆ? ಸಂಬಂಧದಲ್ಲಿ ಮದುವೆ: ಇಲ್ಲ. ಮಕ್ಕಳು: ಒಂದು. ತೀರಿಕೊಂಡ ಮಕ್ಕಳು: ಇಲ್ಲ. ಇದರಲ್ಲಿ ಒಂದು ಬೇರೆ ಥರ ಇದ್ದಿದ್ರೂ ನಾನೇ ಅವತ್ತೇ ವೆಲ್ಲೂರಿಗೆ ಕಳಿಸ್ತಿದ್ದೆ. ಅಲ್ವಾ ಸಾರ್?"

ಆ ಬೆಂಚು ಅವಳಿಗೆ ನೆನಪಿತ್ತು. ಪಕ್ಕದಲ್ಲೇ ಕೂತಿದ್ದಳು. 'ಸಂಬಂಧದಲ್ಲಿ' ಎಂಬ ಸಾಲಿನ ಮುಂದೆ ಪೆನ್ನು ಒಂದು ಕ್ಷಣ ನಿಂತಿತ್ತು. ಬ್ಯಾಂಕಿನಲ್ಲಿ ದೆಹಲಿಯಿಂದ ಬಂದ ಮ್ಯಾನೇಜರು ಅಕ್ಕನ ಮಗಳನ್ನೇ ಕಟ್ಟಿಕೊಂಡಿರೇ ಎಂದು ಎಲ್ಲರೆದುರು ಬಾಯಿ ತೆರೆದು ನಿಂತದ್ದು ಆ ವಾರವೇ. ಇಲ್ಲ ಎಂದು ಬರೆದ. ಅದು ಸುಳ್ಳು, ಅವನಿಗೂ ಗೊತ್ತಿತ್ತು, ಕಿವಿ ಕೆಂಪಾಗಿತ್ತು. ಆದರೆ ಮಕ್ಕಳ ಸಾಲಿನ ಮುಂದೆ ಪೆನ್ನು ನಿಲ್ಲಲೇ ಇಲ್ಲ. ಒಂದು ಎಂದು ಸರಾಗವಾಗಿ ಬರೆದ. ಅದು ಅವನ ಪಾಲಿಗೆ ಸುಳ್ಳಲ್ಲ. ಹೆಸರಿಡುವ ಮುಂಚೆ ಹೋದ ಮಗುವನ್ನು ಆ ಮನೆಯಲ್ಲಿ ಎಣಿಸುವುದಿಲ್ಲ. ಸುಡುವುದಿಲ್ಲ, ಹೂಳುತ್ತಾರೆ. ತಿಥಿಯಿಲ್ಲ, ಫೋಟೋ ಇಲ್ಲ, ಅದು ಹೋಯ್ತು ಎಂದು ಒಮ್ಮೆ ಹೇಳಿ ತೊಟ್ಟಿಲನ್ನು ಅಟ್ಟಕ್ಕೆ ಏರಿಸುತ್ತಾರೆ. ವಾರಿಜ ಅವತ್ತು ಆ ಒಂದು ಎಂಬ ಅಂಕೆಯನ್ನು ಓದಿದ್ದಳು. ಓದಿ ಸುಮ್ಮನಿದ್ದಳು. ಇಲ್ಲ, ಅಷ್ಟೇ ಅಲ್ಲ, ಈಗ ಸುಳ್ಳೇಕೆ. ಓದಿದಾಗ ಹಗುರವಾಗಿತ್ತು. ಹಾಗಾದರೆ ಆ ಆರು ದಿನ ಇರಲಿಲ್ಲ ಎನ್ನಿಸಿತ್ತು.

"ಹೌದು ಡಾಕ್ಟ್ರೇ," ಅಂದ ಮಧುಸೂದನ್.

"ಸುಳ್ಳು ಹೇಳ್ಬೇಡ ಮಾಮ."

ಅವಳ ದನಿಯೇ. ಹನ್ನೊಂದು ವರ್ಷ ಹೊರಗೆ ಬಾರದಿದ್ದ ಕರೆ, ಲಾಲ್‌ಬಾಗಿನ ಹೆಗಲ ಮೇಲಿನಿಂದ ಕೂಗಿದ ಹಾಗೆ ಬಂದುಬಿಟ್ಟಿತ್ತು. ಡಾಕ್ಟರು ತಲೆಯೆತ್ತಿ ಅವಳನ್ನು ನೋಡಿದರು, ಆಮೇಲೆ ಅವನನ್ನು. ಮಧುಸೂದನನ ಕಿವಿ ಕೆಂಪಾಗುತ್ತ ಕುತ್ತಿಗೆಯವರೆಗೂ ಇಳಿಯಿತು.

"ಇವನು ನಮ್ಮಮ್ಮನ ತಮ್ಮ," ಅಂದಳು. "ಮಕ್ಕಳು ಎರಡು. ಮೊದಲನೇದು ಗಂಡು. ಎಂಬತ್ತೊಂಬತ್ತನೇ ಇಸವಿ ಏಪ್ರಿಲ್. ಹುಟ್ಟಿದಾಗಿಂದ ಮಲ ಆಗ್ಲಿಲ್ಲ. ಹೊಟ್ಟೆ ಊದಿಕೊಳ್ತು, ಹಸಿರಾಗಿ ವಾಂತಿ ಮಾಡ್ತು. ಕರುಳು ಕಟ್ಟಿದೆ ಅಂದ್ರು ಆಸ್ಪತ್ರೇಲಿ. ಆರನೇ ದಿನ ಹೋಯ್ತು. ಬರ್ಕೊಳ್ಳಿ."

"ವಾರಿಜಾ," ಅಂದ ಮಧುಸೂದನ್.

"ಬರ್ಕೊಳ್ಳಿ ಡಾಕ್ಟ್ರೇ. ಆರು ದಿನ. ಎರಡು ಕೆಜಿ ಒಂಬೈನೂರು ಗ್ರಾಂ. ಎಡಗಿವಿ ಹಿಂದೆ ಮಚ್ಚೆ ಇತ್ತು."

ಡಾಕ್ಟರು ಕಾರ್ಡಿನ ಮೇಲಿನ ಮೂರು ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಣ್ಣದಾಗಿ ಬರೆದರು. "ಹುಟ್ಟಿದ ಕೂಡ್ಲೇ ಕರುಳು ಕಟ್ಟಿತ್ತು... ಅದೂ ಇದರದೇ ಲಕ್ಷಣ," ಎಂದು ತಮಗೇ ಹೇಳಿಕೊಂಡರು. ಎದ್ದು ಬಂದು ಧೃತಿಯ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಉಗುರಿನ ಬುಡ ಉಬ್ಬಿದ್ದನ್ನು ಇಷ್ಟು ವರ್ಷ ಕಾಣದಿದ್ದವರಂತೆ ನೋಡಿದರು. ಚೀಟಿಯನ್ನು ತಮ್ಮ ಕಡೆ ಎಳೆದುಕೊಂಡರು. ವೆಲ್ಲೂರಿಗೆ ಎರಡು ಪುಟದ ಕಾಗದ ಬರೆದರು. ಕ್ಷಯದ ಮಾತ್ರೆ ಇವತ್ತಿಂದ ಬೇಡ ಎಂದರು. ನೀರು, ಉಪ್ಪು ಎರಡೂ ಜಾಸ್ತಿ ಕೊಡಿ, ಬಿಸಿಲಿಗೆ ಬಿಡಬೇಡಿ, ಬೆನ್ನು ತಟ್ಟಿ ಕಫ ಬಿಡಿಸೋದು ನರ್ಸು ತೋರಿಸ್ತಾರೆ ಎಂದರು. ಎಲ್ಲವನ್ನೂ ಈಗ ಅವಳಿಗೇ ಹೇಳಿದರು. ಕೊನೆಗೆ ಪೆನ್ನಿನ ಮುಚ್ಚಳ ಹಾಕುತ್ತ, "ಅಲ್ಲಮ್ಮಾ, ಇಷ್ಟು ಓದಿದೀರಿ. ಬರೀ ಒಂದು ಸಾಲು ಸರಿಯಾಗಿ ಬರೆದಿದ್ರೆ ಈ ಮಗುವಿಗೆ ಐದು ವರ್ಷ ಉಳೀತಿತ್ತಲ್ಲ," ಎಂದರು. ಬಿಳೀ ಜನರ ಕಾಯಿಲೆ ಎಂದ ಬಾಯಿ. ಉಗುರು ನೋಡದ ಕಣ್ಣು. ಆದರೂ ಮುದುಕ ಹೇಳಿದ್ದು ನಿಜವಾಗಿತ್ತು. ತನ್ನ ಪಾಲಿನ ತಪ್ಪನ್ನು ತಪ್ಪಿತಸ್ಥನ ಬಾಯಿಂದಲೇ ಕೇಳಿಸಿಕೊಳ್ಳುವುದು, ಅದಕ್ಕಿಂತ ಮುಖಕ್ಕೆ ಹೊಡೆದಿದ್ದರೆ ಆಗುತ್ತಿತ್ತು.

ಹೊರಗೆ ಬಿಸಿಲು ಕಾದಿತ್ತು. ಹೂವಿನಂಗಡಿಯ ನೆರಳಿನಲ್ಲಿ ಆಟೋಗೆ ಕೈ ತೋರಿಸುತ್ತ ಮಧುಸೂದನ್ ಹೇಳಿದ, "ಅಷ್ಟು ಜನರ ಮುಂದೆ ಏಕವಚನದಲ್ಲಿ..."

"ಜನ ಎಲ್ಲಿದ್ರು? ಒಬ್ಬ ಡಾಕ್ಟ್ರು, ಒಂದು ಮಗು."

"ಎಡಗಿವಿ ಹಿಂದೆ ಮಚ್ಚೆ ಇತ್ತಾ?" ಎಂದು ಕೇಳಿದ ಸ್ವಲ್ಪ ಹೊತ್ತಾದ ಮೇಲೆ. ಅವನು ನೋಡಿರಲಿಲ್ಲ. ತಂದೆ ನೋಡಲು ಹನ್ನೊಂದನೆಯ ದಿನ ಒಳ್ಳೆಯದಿದೆ ಎಂದು ಕಾಯಿಸಿದ್ದರು. ಹೂಳಲು ಕೊಟ್ಟಾಗ ಬಟ್ಟೆ ಸುತ್ತಿತ್ತು. ಅವಳಿಗೆ ಅವನ ಮೇಲೆ ಕರುಣೆ ಹುಟ್ಟುವುದರಲ್ಲಿತ್ತು, ಅಷ್ಟರಲ್ಲಿ ಅವನೇ ಅದನ್ನು ಕೊಂದ. "ಅಮ್ಮನಿಗೆ ಇದೆಲ್ಲ ಹೇಳ್ಬೇಡ. ತಡ್ಕೊಳಲ್ಲ."

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಯ ಹೊಸಿಲಿಗೆ ಹೋದಳು. ಅಜ್ಜಿ ಊಟ ಮುಗಿಸಿ ಮಣೆಯ ಮೇಲೆ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ವಾರಿಜ ಹೇಳಿದಳು. ಕಾಯಿಲೆಯ ಹೆಸರು ಹೇಳಲಿಲ್ಲ, ಅರ್ಥವಾಗದು. ಧೃತಿ ಮೈಯ ಉಪ್ಪು ಒಳಗೆ ನಿಲ್ಲುತ್ತಿಲ್ಲ, ಅದು ರಕ್ತದಲ್ಲೇ ಬಂದದ್ದು, ನಿಮ್ಮಿಂದ ಅಮ್ಮನಿಗೂ ಬಂದಿದೆ ಇವರಿಗೂ ಬಂದಿದೆ, ಅಮ್ಮನಿಂದ ನನಗೆ, ನಾವಿಬ್ಬರೂ ಸೇರಿ ಇವಳಿಗೆ ಕೊಟ್ಟಿದೀವಿ ಎಂದಳು. ಮೊದಲನೇದೂ ಇದರಿಂದಲೇ ಹೋಗಿರಬೇಕು ಎಂದಳು.

"ಯಾವ ಮೊದಲನೇದು?"

"ನನ್ನದು ಅಜ್ಜಿ. ಗಂಡುಮಗು."

ಅಜ್ಜಿಯ ಬೆರಳು ಹುಣಿಸೆಯಲ್ಲೇ ನಿಂತಿತು. ಬಾಗಿಲ ಹಿಂದೆ ಮಧುಸೂದನನ ಹೆಜ್ಜೆ ಬಂದು ತಡೆಯಿತು. "ಉಪ್ಪಗಿತ್ತು ಕಣೆ ಅದು," ಅಂದರು ಅಜ್ಜಿ ಬೀಜಗಳನ್ನು ನೋಡುತ್ತ. "ಆಸ್ಪತ್ರೇಲಿ ನನ್ನ ಕೈಗೆ ಕೊಟ್ಟಾಗ ಹಣೆಗೆ ಮುತ್ತಿಟ್ಟೆ. ತುಟೀಗೆ ತಿಳೀತು. ಇದು ನಿಲ್ಲಲ್ಲ ಅಂದ್ಕೊಂಡೆ."

"ನಿಮಗೆ ಹೇಗೆ ಗೊತ್ತು?"

"ನನ್ನವಕ್ಕೂ ಹಾಗೇ ಇತ್ತಲ್ಲೇ."

ಅಜ್ಜಿಗೆ ಮಕ್ಕಳು ಎಷ್ಟು ಎಂದರೆ ನಾಲ್ಕು ಎನ್ನುತ್ತಿದ್ದರು ಎಲ್ಲರೂ. ಅಮ್ಮ, ದೊಡ್ಡಮ್ಮ, ದೊಡ್ಡ ಮಾಮ, ಮಧು. ತಾತ ಅಜ್ಜಿಗೆ ಸೋದರತ್ತೆಯ ಮಗ, ಅದೂ ಎಲ್ಲರಿಗೂ ಗೊತ್ತಿತ್ತು. ವಾರಿಜ ಕೈಚೀಲದಿಂದ ಪೆನ್ಸಿಲ್ ತೆಗೆದು ಕಾಲೇಜಿನ ನೋಟ್ ಪುಸ್ತಕದ ಹಿಂದಿನ ಪುಟ ಬಿಡಿಸಿ ಹೊಸಿಲ ಮೇಲೆ ಕೂತಳು. ಒಂದು ವೃತ್ತ, ಒಂದು ಚೌಕ, ನಡುವೆ ಎರಡು ಗೆರೆ. ಕೆಳಗೆ ನಾಲ್ಕು.

"ಹ್ಞಾಂ, ಹೇಳಿ. ಇನ್ನೆಷ್ಟು?"

"ಏನು ಮಾಡ್ತೀಯ ಅದನ್ನ ಬರ್ಕೊಂಡು?"

"ಎಷ್ಟು ಅಜ್ಜಿ?"

ಅಜ್ಜಿ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒತ್ತಿದರು. "ಮೂರು. ಎರಡು ಪುರುಡಲ್ಲೇ ಹೋದ್ವು. ಇನ್ನೊಂದು ಏಳು ತಿಂಗಳಿತ್ತು. ಹೆಣ್ಣು. ಇವಳ ಥರಾನೇ, ಎಷ್ಟು ಕುಡಿದ್ರೂ ಮೈಗೆ ಹತ್ತಿರ್ಲಿಲ್ಲ. ಬೇಸಿಗೇಲಿ ಹಣೇಲಿ ಹರಳು ಕಟ್ಟೋದು."

"ಗೊತ್ತಿತ್ತು ನಿಮಗೆ. ಧೃತಿ ಹಣೇನೂ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?" ಅಜ್ಜಿ ತಲೆಯೆತ್ತಿದರು. ಆ ಕಣ್ಣಿನಲ್ಲೂ ಸಿಟ್ಟಿತ್ತು, ಎಷ್ಟೋ ಹಳೆಯದು, ಯಾರ ಮೇಲೆ ಎಂದು ಮರೆತುಹೋದದ್ದು. "ಯಾವ ಡಾಕ್ಟ್ರು ನನ್ನ ಕೇಳಿದ? ನಿಮ್ ತಾತ ಕೇಳಿದ್ರಾ? ಆಡಿದ್ರೆ ನಿಜ ಆಗತ್ತೆ ಅಂತ ಬಾಯಿ ಮುಚ್ಚಿಸ್ತಿದ್ರು. ನಾನೂ ಮುಚ್ಚಿಕೊಂಡೆ."

"ಮುಚ್ಚಿಕೊಂಡು ನನ್ನ ತಂದು ಇದೇ ಮನೆಗೆ ಹಾಕ್ಕೊಂಡ್ರಿ."

ಮೂರು ಗುರುತು ಹಾಕಿ ಮೂರರ ಮೇಲೂ ಅಡ್ಡಗೆರೆ ಎಳೆಯುತ್ತ ವಾರಿಜ ಕೇಳಿದಳು, ಕೇಳಬೇಕೆಂದಲ್ಲ, ವೃತ್ತದ ಕೆಳಗೆ ಏನಾದರೂ ಬರೆಯುವುದು ಅವಳ ರೂಢಿಯಾದ್ದರಿಂದ. "ಏಳು ತಿಂಗಳಿದ್ದದ್ದಕ್ಕೆ ಹೆಸರಿಟ್ಟಿರ್ತೀರಲ್ಲ. ಏನು?"

"ನಿಂದೇ," ಅಂದರು ಅಜ್ಜಿ. "ವಾರಿಜ. ನೀನು ಹುಟ್ಟಿದಾಗ ನಾನೇ ಇಡಿಸಿದೆ. ಬೇರೆ ಹೇಗೆ ಕರೀಲಿ ಅದನ್ನ, ಈ ಮನೇಲಿ?"

ಪೆನ್ಸಿಲು ಕಾಗದದ ಮೇಲೆ ನಿಂತಿತ್ತು. ಮೂವತ್ತನಾಲ್ಕು ವರ್ಷ ಈ ಮನೆಯಲ್ಲಿ ತನ್ನನ್ನು ಕೂಗಿದ ಪ್ರತಿ ಸಲವೂ ಈ ಮುದುಕಿ ಇನ್ನೊಬ್ಬಳನ್ನು ಕೂಗುತ್ತಿದ್ದಳು. ವಾರಿಜ ತನ್ನ ಹೆಸರನ್ನು ಆ ವೃತ್ತದ ಕೆಳಗೆ ಬರೆದಳು. ಆಮೇಲೆ ಅಮ್ಮನ ವೃತ್ತದ ಕೆಳಗೆ ತನ್ನದೊಂದು ವೃತ್ತ ಹಾಕಿ, ಅದರಡಿ ಮತ್ತೆ ಅದನ್ನೇ ಬರೆದಳು. ಅಕ್ಷರ ಒತ್ತಿ ಒತ್ತಿ ಕಾಗದ ಹರಿಯಿತು. ಇಂಥ ಹೊತ್ತಿನಲ್ಲಿ ಅಳು ಬರಬೇಕು, ಅಜ್ಜಿಯ ಮೊಣಕಾಲಿಗೆ ತಲೆಯಿಡಬೇಕು. ಬರಲಿಲ್ಲ. ಮೈಯೆಲ್ಲ ಸಿಟ್ಟು, ಹಳದಿಯಾಗಿಯೇ ಉಳಿದ ದ್ರಾವಣದಂತೆ, ಎಷ್ಟು ತೊಟ್ಟು ಬಿದ್ದರೂ ಬಣ್ಣ ಬದಲಿಸದೆ.

ಧೃತಿ ಮಧುಸೂದನನ ಕಾಲ ಸಂದಿಯಿಂದ ನುಸುಳಿ ಬಂದಿತು. ಮುಖ ಕೆಂಪಾಗಿ, ಕತ್ತಿನ ಸುತ್ತ ಬಿಸಿಲಿನ ಬಿಳಿಯ ಗೆರೆ ಆಗಲೇ ಒಣಗಿತ್ತು. ಯಾರನ್ನೂ ಕೇಳದೆ, ಕೇಳಿದರೆ ಸಿಗುವುದಿಲ್ಲವೆಂದು ಗೊತ್ತಿದ್ದವಳಂತೆ, ಸುಮ್ಮನೆ ಅಂಗೈ ಚಾಚಿ ನಿಂತಿತು.

ಅಜ್ಜಿ ಗೋಡೆ ಹಿಡಿದು ಎದ್ದರು. ಹುಣಿಸೆಯ ಕೈಯನ್ನು ಸೆರಗಿಗೆ, ಆ ಮಡಿಸೀರೆಯ ಸೆರಗಿಗೇ ಒರೆಸಿಕೊಂಡರು. ಭರಣಿಯ ಮುಚ್ಚಳ ತೆಗೆದು ನಾಲ್ಕು ಹರಳು ಉಪ್ಪನ್ನು ತಮ್ಮ ಕೈಯಿಂದ ಅದರ ಕೈಗೆ ಹಾಕಿದರು. ಹಾಕಿ, ಹೊಸಿಲ ಮೇಲೆ ಕೂತವಳ ಕಡೆ ನೋಡಿದರು, ಇಷ್ಟು ಸಾಕೇ ಎಂಬಂತೆ, ಇಷ್ಟಕ್ಕೆ ಮುಗಿಯಿತೇ ಎಂಬಂತೆ.

"ಸಾಲ್ದು," ಅಂದಳು ವಾರಿಜ. "ಇನ್ನೂ ಹಾಕು."